ಸೈಕಲ್ ದೀಪದ ಮೈಕು

೮ ಮಾರ್ಚ್ ೧೯೬೪, ಇಚಲಕರಂಜಿ

ಮಗ್ಗಗಳ ರಿಪೇರಿ ಬರೆದಿಡಲೆಂದು ಕೊಂಡ ವಹಿ ಇದು. ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಇವತ್ತು ಯಾರ ಮುಂದಾದರೂ ಹೇಳಲೇಬೇಕು ಎನ್ನಿಸುವಂಥದ್ದನ್ನು ಕೇಳಿ ಬಂದೆ. ಕೋಣೆಯಲ್ಲಿ ಯಾರೂ ಇಲ್ಲ. ಅತ್ತೆ ಶಿವವ್ವ ಬಿದ್ದು ಸೊಂಟ ಮುರಿದುಕೊಂಡಾಗ ಮುಕ್ತಾ ಮಗಳನ್ನು ಎತ್ತಿಕೊಂಡು ಗಡಹಿಂಗ್ಲಜಕ್ಕೆ ಹೋದಳು. ಹತ್ತು ತಿಂಗಳಾಯಿತು, ತಾಯಿಯನ್ನು ಬಿಟ್ಟು ಬರುವ ಹಾಗಿಲ್ಲ. ಇಲ್ಲಿ ನನ್ನ ಜೊತೆಗಿರುವುದು ಒಂದು ಸ್ಟೋ, ಒಂದು ಕೊಡ, ಗೋಡೆಯಾಚೆಗಿನ ಇಪ್ಪತ್ತನಾಲ್ಕು ಪವರ್‌ಲೂಮ್‌ಗಳು. ಹನ್ನೆರಡು ವರ್ಷದಿಂದ ಆ ಮಗ್ಗಗಳ ಜಾಬರ್ ನಾನು. ಕೆಟ್ಟದ್ದನ್ನು ನೆಟ್ಟಗೆ ಮಾಡುವುದು ನನ್ನ ಕೆಲಸ. ಇಪ್ಪತ್ತನಾಲ್ಕರಲ್ಲಿ ಯಾವುದಕ್ಕೆ ಜಡ್ಡು ಬಂದಿದೆ ಎಂದು ಬಾಗಿಲಲ್ಲಿ ನಿಂತು, ಕಿವಿಯಿಂದಲೇ ಹೇಳಬಲ್ಲೆ.

ಬರೆಯುವುದು ಕನ್ನಡದಲ್ಲಿ. ಗಡಹಿಂಗ್ಲಜದ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತದ್ದು ಇದೇ. ಇಲ್ಲಿ ಕನ್ನಡ ಮಾತಾಡುವವರು ಬಹಳ, ಓದುವವರು ಕಡಿಮೆ. ಅಷ್ಟು ಮರೆ ಸಾಕು.

ರಜೆ ಇತ್ತು, ಕೊಲ್ಹಾಪುರಕ್ಕೆ ಹೋಗಿದ್ದೆ. ಶಾಹುಪುರಿಯಲ್ಲಿ ಭಾವುಸಾಹೇಬನ ಅಂಗಡಿ ಇದೆ. ಮದುವೆಗೆ, ಸಭೆಗೆ ಲೌಡ್‌ಸ್ಪೀಕರ್ ಬಾಡಿಗೆ ಕೊಡುತ್ತಾನೆ. ನಾನು ಮೌತ್ ಆರ್ಗನ್ ಊದುವುದು ಅವನಿಗೆ ಗೊತ್ತು. ನೋಡಿದ ಕೂಡಲೇ ಒಳಗೆ ಎಳೆದುಕೊಂಡು ಹೋದ.

"ಬಸ್ ಇಥೆ. ಕುಂದರು ಇಲ್ಲೆ. ಮುಂಬಯಿ ಬಂದರದಿಂದ ಹಳೇ ಸಾಮಾನ ಬಂದೈತಿ, ಅದರಾಗ ಈ ರೆಕಾರ್ಡ್ ಸಿಕ್ತು. ಕಣ್ಣ ಮುಚ್ಚಿ ಕೇಳು."

ಲೇಬಲ್ಲು ಅರ್ಧ ಹರಿದಿತ್ತು. ಉಳಿದ ಅಕ್ಷರ ಕೂಡಿಸಿ 'ಬ್ಲೂಸ್' ಎಂದು ಓದಿದ. ಅಮೇರಿಕದ ಕರಿಯ ಜನರ ಹಾಡಂತೆ. ಮೊದಲು ಒಗ್ಗರಣೆ ಚಟಪಟ ಎಂದಂತೆ ಪಿನ್ನಿನ ಸದ್ದು. ಆಮೇಲೆ ಊದುವವನು ಮೂಗಿನಿಂದ ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಬಂತು. ಅದು ಮೌತ್ ಆರ್ಗನ್ ಎಂದು ನಂಬುವುದಕ್ಕೇ ಆಗಲಿಲ್ಲ. ದಪ್ಪ ದನಿ, ಅಂಚು ಒಡೆದದ್ದು. ಸ್ವರ ನಿಂತಲ್ಲಿ ನಿಲ್ಲದೆ ಕೆಳಗೆ ಬಾಗಿ ಮತ್ತೆ ಎದ್ದು ಬರುತ್ತದೆ. ನಮ್ಮಪ್ಪ ಮದುವೆಗಳಲ್ಲಿ ಸನಾದಿ ಊದುತ್ತಿದ್ದ. ಹೆಣ್ಣನ್ನು ಕಳಿಸುವ ಹೊತ್ತಿಗೆ ಅವನ ಸ್ವರವೂ ಹೀಗೆಯೇ ಬಾಗುತ್ತಿತ್ತು.

"ಇಷ್ಟು ಸಣ್ಣ ಬಾಜಾದಾಗ ಇಷ್ಟು ದೊಡ್ಡ ಆವಾಜ ಹೆಂಗ ಬಂತು?" ಎಂದೆ.

"ಅವ ಮೈಕಿನ ಮುಂದ ನಿಂತು ಊದ್ಯಾನಂತ ತಿಳದೀ? ಅಲ್ಲಪಾ. ಮೈಕ್ ಅವನ ಕೈಯಾಗ ಐತಿ. ಬಾಜಾ, ಮೈಕ್, ಎರಡೂ ಒಂದ ಮುಷ್ಟಿಯಾಗ. ಗಾಳಿ ಹೊರಗ ಹೋಗಬಾರದು. ಅದಕ್ಕ ಆವಾಜ ಹಂಗ ಒಡದೈತಿ."

ಬಸ್ಸಿನಲ್ಲಿ ಬರುವಾಗ ಕಂಡಕ್ಟರನ ಸೀಟಿ, ಹಿಂದಿನ ಸೀಟಿನವಳ ಬಳೆ, ಎಲ್ಲದರ ನಡುವೆ ಅದೇ ಸ್ವರ.

೨೨ ಮಾರ್ಚ್

ಭಾವುಸಾಹೇಬ ಒಂದು ಹಳೆಯ ಆಂಪ್ಲಿಫೈಯರ್, ಮರದ ಪೆಟ್ಟಿಗೆಯ ಸ್ಪೀಕರ್, ರೆಕಾರ್ಡ್ ತಿರುಗಿಸುವ ಪೆಟ್ಟಿಗೆ ಕೊಟ್ಟಿದ್ದಾನೆ. "ನೀ ಕಲತ್ರ ಗಣಪತಿ ಹಬ್ಬದಾಗ ನಮ್ಮ ಓಣಿ ಸ್ಟೇಜಿನ ಮ್ಯಾಲ ನಿಲ್ಲಸ್ತೇನಿ" ಎಂದಿದ್ದಾನೆ. ರೆಕಾರ್ಡನ್ನೂ ಕೊಟ್ಟ.

ಮೊದಲ ಮೈಕು ಕ್ರಿಸ್ಟಲ್ಲಿನದು. ಒಳಗೆ ಉಪ್ಪಿನ ಹರಳಿನಂಥ ಒಂದು ತುಂಡು, ಅದರ ಮೇಲೆ ತೆಳ್ಳಗಿನ ತಗಡು. ಸ್ಟ್ಯಾಂಡಿನಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದೆ. ಮುಷ್ಟಿಗಿಂತ ದೊಡ್ಡದು, ಬೆರಳಸಂದಿಯಿಂದ ಗಾಳಿ ಸೋರುತ್ತದೆ. ದನಿ ಜೋರಾಗಿ ಬಂತು, ಆದರೆ ಸೂಜಿಯ ಹಾಗೆ ಚುಚ್ಚಿತು. ಹೊರಗೆ ತಂತಿಯ ಮೇಲೆ ಕೂತಿದ್ದ ಗುಬ್ಬಿಗಳೆಲ್ಲ ಕಿರುಚಿ ಎದ್ದವು. ನಗು ಬಂತು. ಮುಕ್ತಾ ಇದ್ದಿದ್ದರೆ ಅವಳೂ ನಗುತ್ತಿದ್ದಳು.

೯ ಏಪ್ರಿಲ್

ಹಳೆಯ ಟೆಲಿಫೋನಿನ ಕಾರ್ಬನ್ ಮೈಕು ತಂದು ನೋಡಿದೆ. ಅದಕ್ಕೆ ಬ್ಯಾಟರಿ ಬೇಕು. ಒಳಗಿನ ಇದ್ದಲಿನ ಹರಳು ಅಲುಗಿದಾಗಲೆಲ್ಲ ಶೇಂಗಾ ಸುಲಿದಂತೆ ಕರಕರ. ಒರಟುತನ ಏನೋ ಇದೆ, ಆದರೆ ಸ್ವರ ಬಾಗಿದಾಗ ಜೊತೆಗೆ ಬಾಗುವುದಿಲ್ಲ. ಬಿಚ್ಚಿ ಎತ್ತಿಟ್ಟೆ.

ಕೋಣೆಯ ಗೋಡೆಯಲ್ಲಿ ಒಂದು ಜೀರುಂಡೆ ಸೇರಿಕೊಂಡಿದೆ. ಕಾರ್ಖಾನೆಯಿಂದ ಬಂದು ಕೂತರೆ ಶುರು ಮಾಡುತ್ತದೆ. ಕಲ್ಲಿನ ಸಂದಿಗೆ ಬಿಸಿನೀರು ಹಾಕಿದೆ, ಸೀಮೆಎಣ್ಣೆ ಹಾಕಿದೆ. ಸಾಯುವುದಿಲ್ಲ. ಹತ್ತನೇ ಮಗ್ಗದ ರಾಯಪ್ಪನನ್ನು ಕರೆದು ಕೇಳಿಸಿದೆ.

"ಎಲ್ಲೈತೋ ಮಾರಾಯಾ ಜೀರುಂಡಿ? ನನಗೇನೂ ಕೇಳಸವಲ್ದು."

ರಾಯಪ್ಪ ಮೂವತ್ತು ವರ್ಷ ನೇಯ್ದವನು. ಅವನಿಗೆ ಮೋಟರಿನ ಹಾರ್ನ್ ಕೂಡ ಕೇಳಿಸುವುದಿಲ್ಲ. ಅವನನ್ನು ಕೇಳಿದ್ದು ನನ್ನದೇ ತಪ್ಪು.

೨೬ ಏಪ್ರಿಲ್, ಗಡಹಿಂಗ್ಲಜ

ಎರಡು ದಿನದ ರಜೆ ಹಾಕಿ ಬಂದೆ. ಪೇಟೆಯಲ್ಲಿ ಮೆಣಸಿನಕಾಯಿಯ ಚೀಲಗಳು, ಬಸ್ಸಿಳಿದ ಕೂಡಲೇ ಸೀನು. ಮಗಳು ಅಕ್ಕು ನನ್ನನ್ನು ನೋಡಿ ಬಾಗಿಲ ಹಿಂದೆ ಅಡಗಿದಳು. ನನ್ನ ತಾಯಿ ಅಕ್ಕಾತಾಯಿಯ ಹೆಸರೇ ಅವಳಿಗೆ. ಎರಡೂವರೆ ತುಂಬಿದೆ. ಸಂಜೆಗೆ ಹತ್ತಿರ ಬಂದು ತೊಡೆಯ ಮೇಲೆ ಕೂತಳು. ತುಟಿ ಅಲುಗಿಸುತ್ತಾಳೆ, ಕೈ ತಿರುಗಿಸುತ್ತಾಳೆ, ಮಾತು ಹೊರಗೆ ಬರುವುದಿಲ್ಲ. ಉಸಿರಿನಷ್ಟು ಸಣ್ಣದು ಏನೋ ಬರುತ್ತದೆ, ಅಷ್ಟೆ. ಅವಳ ವಯಸ್ಸಿಗೆ ನಾನು ಇಡೀ ಪದ ಹಾಡುತ್ತಿದ್ದೆನೆಂದು ಅವ್ವ ಹೇಳುತ್ತಿದ್ದಳು.

ಮುಕ್ತಾಳೂ ಬದಲಾಗಿದ್ದಾಳೆ. ಒಲೆಯ ಕಡೆ ಮುಖ ಮಾಡಿ ಗೊಣಗುತ್ತಾಳೆ. ಎರಡು ಸಲ "ಏನಂದಿ?" ಎಂದು ಕೇಳಿದೆ. ಮೂರನೆಯ ಸಲ "ಏನಿಲ್ಲ ಬಿಡ್ರಿ" ಎಂದಳು. ತಾಯಿಯ ಆರೈಕೆ, ಮಗು, ದಣಿದಿದ್ದಾಳೆ.

೨೮ ಮೇ, ಇಚಲಕರಂಜಿ

ನಿನ್ನೆ ನೆಹರೂ ತೀರಿಕೊಂಡರೆಂದು ರೇಡಿಯೋದಲ್ಲಿ ಬಂತು. ಊರೆಲ್ಲ ಬಂದ್. ಮಗ್ಗಗಳೂ ನಿಂತಿವೆ. ಇಷ್ಟು ವರ್ಷದಲ್ಲಿ ಹಗಲು ಹೊತ್ತು ಈ ಓಣಿ ಹೀಗೆ ಸುಮ್ಮನಾದದ್ದು ನಾನು ನೋಡಿಲ್ಲ. ಜನ ಕಟ್ಟೆಯ ಮೇಲೆ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾನೂ ಹೋಗಿ ಕೂತೆ. ಯಾರು ಏನು ಹೇಳಿದರೋ ಒಂದೂ ತಿಳಿಯಲಿಲ್ಲ. ದುಃಖದಲ್ಲಿ ಜನ ಬಾಯಿಯೊಳಗೇ ಮಾತಾಡುತ್ತಾರೆ. ಎದ್ದು ಬಂದೆ.

ಮಗ್ಗ ನಿಂತರೂ ಜೀರುಂಡೆ ನಿಂತಿಲ್ಲ. ಹಗಲಲ್ಲೂ ಕೂಗುತ್ತದೆ.

೨೧ ಜೂನ್

ಮಳೆ ಹಿಡಿದು ಎಂಟು ದಿನ. ಕ್ರಿಸ್ಟಲ್ ಮೈಕು ಸತ್ತಿತು. ಹಸಿ ತಾಗಿದರೆ ಅದರ ಹರಳು ಕರಗುತ್ತದಂತೆ, ಮೇಲಾಗಿ ದಿನವೂ ನನ್ನ ಉಸಿರು. ಭಾವುಸಾಹೇಬ ಬೈಯಲಿಲ್ಲ. ಮಿಲಿಟರಿ ಲಿಲಾವಿನಲ್ಲಿ ತಂದ ಸಾಮಾನಿನ ಪೆಟ್ಟಿಗೆ ಮುಂದಿಟ್ಟ. ಅದರಲ್ಲಿ ರೂಪಾಯಿಗಿಂತ ಸ್ವಲ್ಪ ದೊಡ್ಡದಾದ ಒಂದು ಮೈಕಿನ ಗುಂಡಿ ಸಿಕ್ಕಿತು. ಅಯಸ್ಕಾಂತ, ತಂತಿಯ ಸುರುಳಿ ಇರುವಂಥದ್ದು, ಮಳೆಗೆ ಹೆದರುವುದಿಲ್ಲ.

ಅದಕ್ಕೆ ಮನೆ ಬೇಕಲ್ಲ. ಮೂರು ದಿನ ಯೋಚಿಸಿ ಸೈಕಲ್ಲಿನ ಡೈನಮೋ ದೀಪದ ಚಿಪ್ಪು ತೆಗೆದುಕೊಂಡೆ. ಅಂಗೈಯಲ್ಲಿ ಕೂರುವಂತೆ ದುಂಡಗೆ, ಹಿಂದೆ ಚೂಪಾಗಿದೆ. ಗಾಜು ತೆಗೆದು ಅಲ್ಲಿ ಗುಂಡಿಯನ್ನು ಕೂರಿಸಿದೆ. ಸುತ್ತಲೂ ಹಳೆಯ ಟ್ಯೂಬಿನ ರಬ್ಬರ್ ಕತ್ತರಿಸಿ ಬಿಗಿದೆ, ಗಾಳಿ ನುಸುಳಬಾರದು. ಬೆನ್ನಿಗೆ ರಂಧ್ರ ಕೊರೆದು ದನಿ ಏರಿಸಿ ಇಳಿಸುವ ಬಿರಡೆ ಹಾಕಿದೆ, ಹೆಬ್ಬೆರಳಿಗೆ ಸಿಗುವಂತೆ. ಒಳಗೆ ಚೂರು ಕಂಬಳಿ. ಊದಿದಾಗ ಚಿಪ್ಪು ಅಂಗೈಯಲ್ಲಿ ನಡುಗಿತು, ಹಿಡಿದ ಹಕ್ಕಿಯ ಎದೆಯ ಹಾಗೆ. ಇಷ್ಟು ದಿನದಲ್ಲಿ ಇವತ್ತು ಸಂತೋಷವಾಗಿದೆ.

ಒಂದೇ ಕೊರತೆ. ದನಿಗೆ ಚೂಪಿಲ್ಲ, ಕಂಬಳಿ ಹೊದ್ದ ಹಾಗಿದೆ. ರೆಕಾರ್ಡು ಹಾಕಿ ಹೋಲಿಸೋಣವೆಂದರೆ ಅದೂ ಸವೆದಿದೆ. ಊದುವವನ ಉಸಿರು ಈಗ ಅದರಲ್ಲಿಲ್ಲ. ಹೊಸ ಪಿನ್ನು ಹಾಕಿದರೂ ಇಲ್ಲ. ಮೂರು ತಿಂಗಳಲ್ಲಿ ಒಂದು ರೆಕಾರ್ಡು ಇಷ್ಟು ಸವೆಯುತ್ತದೆಂದು ಗೊತ್ತಿರಲಿಲ್ಲ.

೧೯ ಜುಲೈ

ಕಂಬಳಿ ತೆಗೆದೆ. ಚೂಪು ಬರಲಿಲ್ಲ. ಚಿಪ್ಪಿಗೆ ಆರು ರಂಧ್ರ ಕೊರೆದೆ. ಬರಲಿಲ್ಲ. ಆಂಪ್ಲಿಫೈಯರಿನ ಸಣ್ಣ ದನಿಯ ಬಿರಡೆಯನ್ನು, ಎಂದರೆ ಚೂಪು ಸ್ವರ ಎತ್ತುವುದನ್ನು, ಪೂರ್ತಿ ತಿರುಗಿಸಿದರೆ ಸ್ವಲ್ಪ ಬರುತ್ತದೆ.

ಏಳನೇ ಮಗ್ಗದಲ್ಲಿ ಲಾಳಿ ಹೊಡೆಯುವ ಕೋಲು ಸೀಳಿ ಅರ್ಧ ತಾಸು ಓಡಿದೆ. ಮಾಲಕರು ಕಿವಿಗೆ ಬಾಯಿ ಹಚ್ಚಿ "ಎದುರಿಗೇ ನಿಂತೀಯಲ್ಲೊ, ಆವಾಜ ತಿಳೀಲಿಲ್ಲೇನು?" ಎಂದರು. ಈಗ ನಾನು ಆವಾಜ ನೆಚ್ಚುವುದಿಲ್ಲ. ಕಂಬಿಯ ಮೇಲೆ ಅಂಗೈ ಇಟ್ಟರೆ ಮಗ್ಗದ ಜಡ್ಡು ಹೆಚ್ಚು ಚೆನ್ನಾಗಿ ಗೊತ್ತಾಗುತ್ತದೆ. ಕೆಲಸದಲ್ಲಿ ಇನ್ನೂ ಪಳಗಿದ್ದೇನೆ ಎಂದೇ ಅದರ ಅರ್ಥ.

೧೬ ಆಗಸ್ಟ್

ನಿನ್ನೆ ಸ್ವಾತಂತ್ರ್ಯ ದಿನ, ಝೇಂಡಾವಂದನದ ರಜೆ. ಗಡಹಿಂಗ್ಲಜಕ್ಕೆ ಹೋಗಿ ಇವತ್ತು ತಿರುಗಿ ಬಂದೆ. ಇನ್ನೂ ಒಂದು ದಿನ ಇರಬೇಕಾಗಿತ್ತು.

ಊಟ ಆದ ಮೇಲೆ ಮುಕ್ತಾಳಿಗೆ ಹೇಳಿದೆ. "ಕೂಸಿಗೆ ಮೂರು ತುಂಬಾಕ ಬಂತು. ಇನ್ನೂ ಬಾಯಿ ಬಂದಿಲ್ಲ. ಕೊಲ್ಹಾಪುರಕ್ಕ ಕರಕೊಂಡ ಹೋಗಿ ಡಾಕ್ಟರಗ ತೋರಸೂಣು."

ಅವಳು ತಟ್ಟೆ ಕೆಳಗಿಟ್ಟಳು. ಏನೋ ಅಂದಳು. "ಏನು?" ಎಂದೆ. ಆಗ ದನಿ ಎತ್ತಿದಳು.

"ಬಾಯಿ ಬಂದಿಲ್ಲ? ಮುಂಜಾನಿಂದ ನಿಮ್ಮ ತೊಡಿ ಮ್ಯಾಲ ಕುಂತು ವಟವಟ ಅನ್ನಾಕತ್ತಾಳ! ಅಪ್ಪಾ ಇದೇನು, ಅಪ್ಪಾ ಅದೇನು. ನೀವು ಒಂದಕ್ಕರೆ ಉತ್ತರಾ ಕೊಟ್ಟೀರೇನು? ಗ್ವಾಡಿ ನೋಡಕೋತ ಕುಂತೀರಿ."

"ಸುಳ್ಳ ಯಾಕ ಹೇಳ್ತಿ? ನನ್ನ ಮುಂದ ಅಕಿ ಒಂದು ಅಕ್ಷರಾ ಆಡಿಲ್ಲ."

"ಸುಳ್ಳು ನಾ ಹೇಳಾಕತ್ತೇನಿ?" ಅವಳ ಕಣ್ಣಲ್ಲಿ ನೀರು ಬಂತು. "ಹೆಣ್ಣು ಹುಟ್ಟೇತಿ ಅಂತ ನಿಮ್ಮ ಮನಸು ಕಲ್ಲಾಗೈತಿ. ಹಂಗಂತ ಬಾಯಿಬಿಟ್ಟು ಹೇಳ್ರಿ. ಕೂಸಿನ್ನ ಯಾಕ ಮೂಕಿ ಮಾಡ್ತೀರಿ?"

ಅತ್ತೆ ಹಾಸಿಗೆಯಿಂದಲೇ ಕೈ ಎತ್ತಿ ಏನೋ ಹೇಳಿದಳು. ಅಕ್ಕು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ನಾನು ಚೀಲ ಎತ್ತಿಕೊಂಡು ಬಂದುಬಿಟ್ಟೆ. ಬಾಗಿಲಲ್ಲಿ ಮುಕ್ತಾ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ತಿರುಗಿ ಕೇಳುವ ಮನಸ್ಸಾಗಲಿಲ್ಲ.

ಹೆಣ್ಣೆಂದು ನನಗೆ ಎಂದೂ ಬೇಸರವಾಗಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ.

೨೫ ಆಗಸ್ಟ್

ಊದಿದೆ. ಕೇಳಲು ಯಾರೂ ಬರಲಿಲ್ಲ.

೩ ಸೆಪ್ಟೆಂಬರ್

ಮುಕ್ತಾಳ ಕಾರ್ಡು. ಪಕ್ಕದ ಮನೆಯ ಮಾಸ್ತರರಿಂದ ಬರೆಸಿದ್ದಾಳೆ. 'ಕೂಸಿನ ಜೊತೆ ಮಾತಾಡುವ ಮನಸ್ಸಿದ್ದರೆ ಬರ್ರಿ. ಇಲ್ಲದಿದ್ದರೆ ಬರುವುದು ಬೇಡ. ಅದು ದಿನಾಲೂ ಬಾಗಿಲಿಗೆ ನಿಲ್ಲುತ್ತದೆ.'

ಏನು ಉತ್ತರ ಬರೆಯಬೇಕು? ಗಣಪತಿ ಹಬ್ಬದ ಸ್ಟೇಜಿಗೆ ಇನ್ನು ಹನ್ನೊಂದು ದಿನ ಇದೆ. ಅದು ಮುಗಿಯಲಿ.

೧೫ ಸೆಪ್ಟೆಂಬರ್

ನಿನ್ನೆಯದನ್ನು ಆದ ಹಾಗೆಯೇ ಬರೆಯುತ್ತೇನೆ. ಎಲ್ಲಿ ಏನು ತಪ್ಪಿತೆಂದು ಬರೆದರೆ ತಿಳಿದೀತು.

ಕೊಲ್ಹಾಪುರ, ಭಾವುಸಾಹೇಬನ ಓಣಿಯ ಮಂಡಪ. ಸಂಜೆ ಏಳಕ್ಕೆ ಶುರು. ಹೆಂಗಸರು, ಮಕ್ಕಳು ಮುಂದೆ ಕೂತಿದ್ದರು, ಮುದುಕರು ಕುರ್ಚಿಯಲ್ಲಿ. ಮೊದಲು ಒಬ್ಬಳು ಭಜನೆ ಹಾಡಿದಳು. ನನ್ನ ಸರದಿ ಬಂದಾಗ ಬೇರೆ ಮೈಕು ಬೇಡವೆಂದು ನನ್ನ ಸೈಕಲ್ ದೀಪದ ಮೈಕನ್ನೇ ಜೋಡಿಸಿಕೊಂಡೆ. ಪರೀಕ್ಷೆಗೆ ಊದಿದಾಗ ದನಿಗೆ ಚೂಪಿರಲಿಲ್ಲ. ಆಂಪ್ಲಿಫೈಯರಿನ ಸಣ್ಣ ದನಿಯ ಬಿರಡೆ ಪೂರ್ತಿ ತಿರುಗಿಸಿದೆ. ಮೈಕಿನ ಬೆನ್ನಿನದನ್ನೂ ತಿರುಗಿಸಿದೆ.

ಮೊದಲ ಸುತ್ತು ಚೆನ್ನಾಗಿ ಹೋಯಿತು. ತಬಲಾದವನು ತಲೆ ಆಡಿಸಿದ. ಎರಡನೆಯ ಸುತ್ತಿನಲ್ಲಿ ಸ್ವರ ಬಾಗಿಸಲೆಂದು ಕಣ್ಣು ಮುಚ್ಚಿ, ಒಂದು ಹೆಜ್ಜೆ ಸ್ಪೀಕರಿನ ಕಡೆ ಸರಿದೆ. ಕಣ್ಣು ತೆರೆದಾಗ ಮುಂದಿನ ಸಾಲಿನ ಮಕ್ಕಳು ಎರಡೂ ಕಿವಿಗೆ ಬೆರಳಿಟ್ಟುಕೊಂಡಿದ್ದರು. ಒಬ್ಬಳು ಸೆರಗಿನಿಂದ ಕೂಸಿನ ತಲೆ ಮುಚ್ಚಿದಳು. ಕುರ್ಚಿಯ ಮುದುಕರು ಎದ್ದು ನಿಂತರು. ಮಂಡಳದ ಅಧ್ಯಕ್ಷರು ಕೈ ಬೀಸುತ್ತಿದ್ದರು. ನನ್ನ ಊದುವಿಕೆ ಅಷ್ಟು ಕೆಟ್ಟದಾಗಿದೆಯೇ ಎಂದು ನಿಲ್ಲಿಸಿಬಿಟ್ಟೆ. ಬಾಜಾವನ್ನು ಬಾಯಿಯಿಂದ ತೆಗೆದೆ. ಊದುತ್ತಿರಲಿಲ್ಲ. ಆದರೂ ಜನ ಕಿವಿ ಮುಚ್ಚಿಕೊಂಡೇ ಇದ್ದರು.

ಭಾವುಸಾಹೇಬ ಓಡಿ ಬಂದು ವೈರು ಕಿತ್ತ. ಆಗ ಎಲ್ಲರೂ ಒಟ್ಟಿಗೆ ಕೈ ಇಳಿಸಿದರು. ನನಗೆ ಏನೂ ಬದಲಾದಂತೆ ಅನ್ನಿಸಲಿಲ್ಲ. ಅವನು ನನ್ನ ಮುಖ ನೋಡಿದ, ಬಹಳ ಹೊತ್ತು. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ.

ಬರೆದೆ. ತಿಳಿಯಲಿಲ್ಲ.

೧೬ ಸೆಪ್ಟೆಂಬರ್

ಕೆಲಸಕ್ಕೆ ಹೋಗಲಿಲ್ಲ.

೨೭ ಸೆಪ್ಟೆಂಬರ್

ಭಾವುಸಾಹೇಬ ತಾನೇ ಬಸ್ಸು ಹಿಡಿದು ಬಂದ. ಅಂಗಡಿ ಮುಚ್ಚಿ ಬಂದಿದ್ದಾನೆ. ಒಂದು ಚೀಲದಲ್ಲಿ ಸಾಮಾನು. ಚಹಾ ಕುಡಿದ ಮೇಲೆ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ. ಹಿಂದಿನಿಂದ ಭುಜ ತಟ್ಟಿ, ನನ್ನದೇ ಬಾಜಾ ತೋರಿಸಿದ. ತಾನು ಊದುವುದು, ಕೇಳಿಸಿದಾಗಲೆಲ್ಲ ನಾನು ಕೈ ಎತ್ತುವುದು ಎಂದು ಸನ್ನೆ ಮಾಡಿದ.

ಕೈ ಎತ್ತಿದೆ. ಎತ್ತಿದೆ. ಎತ್ತಿದೆ. ಆಮೇಲೆ ಅವನು ಊದುವುದನ್ನು ನಿಲ್ಲಿಸಿದ. ಎಷ್ಟು ಹೊತ್ತಾದರೂ ಮುಂದಿನದು ಬರಲಿಲ್ಲವೆಂದು ಹೊರಳಿ ನೋಡಿದೆ. ನಿಲ್ಲಿಸಿರಲಿಲ್ಲ. ಎಲ್ಲಕ್ಕಿಂತ ಚೂಪು ಸ್ವರದ ಬಲಗಡೆಯ ಕೊನೆಯ ತೂತುಗಳಲ್ಲಿ, ಕೆನ್ನೆ ಉಬ್ಬಿಸಿ, ಮುಖ ಕೆಂಪಾಗಿ ಊದುತ್ತಲೇ ಇದ್ದ.

ಕೋಣೆಯಲ್ಲಿ ಜೀರುಂಡೆ ಒಂದೇ.

ಅವನು ಬಾಜಾ ಕೆಳಗಿಟ್ಟ. ಚೀಲದಿಂದ ಮಿಲಿಟರಿಯವರು ತಲೆಗೆ ಹಾಕಿಕೊಳ್ಳುವ ಇಯರ್‌ಫೋನ್ ತೆಗೆದು ನನಗೆ ಹಾಕಿದ. ಬ್ಯಾಟರಿಯ ಮೇಲೆ ನಡೆಯುವ ಒಂದು ಚಿಕ್ಕ ಆಂಪ್ಲಿಫೈಯರಿಗೆ ಅದನ್ನು ಜೋಡಿಸಿ, ನನ್ನ ಸೈಕಲ್ ದೀಪದ ಮೈಕನ್ನು ಬಾಯಿಗೆ ಹಿಡಿದ.

"ಸಖಾರಾಮ. ಐಕೂ ಯೇತಂಯ ಕಾ? ಕೇಳಸ್ತತೇನಪಾ?"

ಕೇಳಿಸಿತು. ಅವನ ಹಲ್ಲಿನ ನಡುವೆ ಸಂದಿ ಇದೆ, 'ಸ' ಅನ್ನುವಾಗ ಅಲ್ಲಿಂದ ಗಾಳಿ ಹೋಗುತ್ತದೆ. ಅದನ್ನು ಮರೆತೇಬಿಟ್ಟಿದ್ದೆ. ಎಷ್ಟು ದಿನವಾಯಿತು ಆ 'ಸ' ಕೇಳಿ?

"ನಿನ್ನ ಮೈಕಿಗೆ ಏನೂ ಆಗಿಲ್ಲೋ," ಎಂದ. "ರೆಕಾರ್ಡಿಗೂ ಏನೂ ಆಗಿಲ್ಲ. ಆ ದಿನಾ ಮೈಕ್ ಹತ್ರ ಬಂದದ್ದಕ್ಕ ಸ್ಪೀಕರ್ ಸೀಟಿ ಹೊಡದಂಗ ಚೀರ್ತು. ಅರ್ಧಾ ಪೇಟಿಗೆ ಕೇಳಿಸ್ತು. ನಿನಗೊಬ್ಬಗ ಕೇಳಿಸ್ಲಿಲ್ಲ."

ಅವನು ಕೊನೆಯ ಬಸ್ಸಿಗೂ ಹೋಗಲಿಲ್ಲ, ಇಲ್ಲಿಯೇ ಚಾಪೆ ಹಾಸಿಕೊಂಡು ಮಲಗಿದ್ದಾನೆ. ಅವನು ಗೊರಕೆ ಹೊಡೆಯುತ್ತಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ.

ಅಕ್ಕು ಮಾತಾಡುತ್ತಾಳೆ. ಆವತ್ತು ತೊಡೆಯ ಮೇಲೆ ಕೂತು ಮಾತಾಡುತ್ತಿದ್ದಳು.

೧೧ ಅಕ್ಟೋಬರ್

ಮಿರಜದ ಕಿವಿ ಡಾಕ್ಟರರ ಹತ್ತಿರ ಹೋಗಿದ್ದೆ. ಭಾವುಸಾಹೇಬ ಜೊತೆಗಿದ್ದ. ಡಾಕ್ಟರರು ಕವಲಿದ್ದ ಉಕ್ಕಿನ ಕಡ್ಡಿಗಳನ್ನು ಒಂದೊಂದಾಗಿ ಬಡಿದು ಕಿವಿಯ ಹತ್ತಿರ ತಂದರು. ದೊಡ್ಡ ಕಡ್ಡಿ ಕೇಳಿಸಿತು, ನಡುವಿನದು ಅಷ್ಟಕ್ಕಷ್ಟೆ, ಸಣ್ಣದು ಇಲ್ಲ. ಸಣ್ಣದರ ಮೇಲೆ ಬೆರಳಿಟ್ಟು ನೋಡಿದೆ. ನಡುಗುತ್ತಿತ್ತು.

"ಎಷ್ಟು ವರ್ಷ ಆತ್ರಿ ಮಗ್ಗದಾಗ?" ಮುಖದೆದುರು ನಿಂತು, ಬಿಡಿಸಿ ಕೇಳಿದರು.

"ಹನ್ನೆರಡ್ರಿ."

"ಮಗ್ಗದ ಗದ್ದಲಾ ಕಿವಿ ತಿಂದೈತಿ. ಹೋದದ್ದು ತಿರುಗಿ ಬರೂದಿಲ್ಲ. ಉಳದದ್ದು ಉಳಿಸ್ಕೋಬೇಕಂದ್ರ ಮಗ್ಗಾ ಬಿಡ್ರಿ."

ಕೋಣೆಯ ಜೀರುಂಡೆಯ ಬಗ್ಗೆ ಕೇಳಿದೆ. ಅವರು ನಗಲಿಲ್ಲ. "ಅದು ಗ್ವಾಡ್ಯಾಗ ಇಲ್ರಿ. ನಿಮ್ಮ ಕಿವಿ ಒಳಗೈತಿ. ಅದರ ಗೂಡ ಇರಾಕ ಕಲೀಬೇಕು."

ಪಾಪದ ಗೋಡೆಗೆ ಎಷ್ಟು ಸೀಮೆಎಣ್ಣೆ ಕುಡಿಸಿದೆ.

ರಾಯಪ್ಪನಿಗೆ ಹೇಳಿದಾಗ ಅವನು ತನ್ನ ಕಿವಿಯನ್ನೂ ನನ್ನ ಕಿವಿಯನ್ನೂ ಮುಟ್ಟಿ, ಮಗ್ಗದ ಕಡೆ ಕೈ ತೋರಿಸಿದ. ಅವನಿಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದರೆ, "ಎಲ್ಲಾರಿಗೂ ಆಗೂದ ಐತೆಲ್ಲೊ" ಎಂದ.

೧೮ ಅಕ್ಟೋಬರ್

ಒಂದು ವಾರ ಬಾಜಾ ಮುಟ್ಟಿರಲಿಲ್ಲ. ಇವತ್ತು ಚಿಪ್ಪಿಗೆ ಕೊರೆದಿದ್ದ ಆರು ರಂಧ್ರಗಳನ್ನೂ ಅರಗು ಹಾಕಿ ಮುಚ್ಚಿದೆ. ಕಂಬಳಿಯ ಚೂರನ್ನು ಮತ್ತೆ ಒಳಗಿಟ್ಟೆ. ಸಣ್ಣ ದನಿಯ ಬಿರಡೆಯನ್ನು ಪೂರ್ತಿ ಇಳಿಸಿದೆ. ನನಗೆ ಕೇಳಿಸದ ಸ್ವರಗಳ ಹಿಂದೆ ಬಿದ್ದು ಏನು ಮಾಡುವುದು? ದಪ್ಪ ದನಿಯ ಎಡಗಡೆಯ ನಾಲ್ಕು ತೂತು ಸಾಕೆಂದು, ಮೈಕನ್ನೂ ಬಾಜಾವನ್ನೂ ಒಂದೇ ಮುಷ್ಟಿಯಲ್ಲಿ ಬಿಗಿದು, ಉಸಿರು ಒಳಗೆಳೆಯುತ್ತ ನುಡಿಸಿದೆ. ಸ್ವರ ದವಡೆಯ ಎಲುಬಿನಿಂದ ಹತ್ತಿ ತಲೆಗೆ ಬಂತು. ಬಾಗಿಸಿದೆ. ಬಾಗಿತು.

ಹೊರಳಿದಾಗ ಬಾಗಿಲಲ್ಲಿ ಭಾವುಸಾಹೇಬ ನಿಂತಿದ್ದ. ಯಾವಾಗ ಬಂದನೋ. ಎದುರು ಬಂದು ನಿಧಾನವಾಗಿ ಹೇಳಿದ. "ಆತಾ ಆಲಾ. ಈಗ ಬಂತು ನೋಡು. ರೆಕಾರ್ಡನ್ಯಾಗಿಂದ ಹಿಂಗ ಇತ್ತು. ನೀ ಸುಮ್ಮನ ಅದಕ್ಕ ಚೂಪು ಮಾಡಾಕ ಹೋಗಿದ್ದಿ."

ಅವನ ಮಾತನ್ನು ನಂಬುತ್ತೇನೆ. ಈಗ ನನ್ನ ಕಿವಿ ಅವನದು.

ಗಡಹಿಂಗ್ಲಜಕ್ಕೆ ದೀಪಾವಳಿಗೆ ಬರುತ್ತೇನೆಂದು ಕಾರ್ಡು ಹಾಕಿದೆ. ಮಾಸ್ತರರು ಓದಿ ಹೇಳುವ ಕಾರ್ಡಿನಲ್ಲಿ ಉಳಿದದ್ದನ್ನು ಬರೆಯಲಾಗಲಿಲ್ಲ.

೬ ನವೆಂಬರ್, ಗಡಹಿಂಗ್ಲಜ

ಬ್ಯಾಟರಿ, ಆಂಪ್ಲಿಫೈಯರ್, ಇಯರ್‌ಫೋನ್ ಹೊತ್ತುಕೊಂಡು ನಿನ್ನೆ ಬಂದೆ. ಸಾಮಾನು ನೋಡಿ ಮುಕ್ತಾಳ ಮುಖ ಗಟ್ಟಿಯಾಯಿತು. ಹಬ್ಬದಲ್ಲೂ ಬಾಜಾ ತಂದಿದ್ದೇನೆ ಎಂದುಕೊಂಡಳು. ಅವಳನ್ನು ಹಿತ್ತಲಿಗೆ ಕರೆದು, ಬೆಳಕಿಗೆ ಅವಳ ಮುಖ ಬರುವಂತೆ ನಿಲ್ಲಿಸಿ, ಎಲ್ಲ ಹೇಳಿದೆ. ಸ್ಟೇಜು, ಡಾಕ್ಟರು, ಉಕ್ಕಿನ ಕಡ್ಡಿ. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು.

"ಒಂದು ಮಾತು ನನಗ ಹೇಳಬಾರದಿತ್ತೇನ್ರಿ?"

"ಗೊತ್ತಿದ್ರ ಹೇಳತಿದ್ದೆ. ನೀ ಬಾಯೊಳಗ ಗೊಣಗಾಕತ್ತಿ ಅಂತ ತಿಳಕೊಂಡಿದ್ದೆ."

"ನಾ ಏನೇನೋ ಅಂದೆ ನಿಮಗ. ಕಲ್ಲು ಅಂದೆ."

"ಹೌದು. ಅದೊಂದು ಮಾತ್ರ ಕೇಳಿಸ್ತು."

ಅವಳು ಅಳುತ್ತಲೇ ನಕ್ಕಳು. ಅವಳ ನಗು ಕೇಳಿಸಲಿಲ್ಲ, ಭುಜ ಅಲುಗಿದ್ದು ಕಂಡಿತು.

ಒಳಗೆ ಹೋಗಿ ಇಯರ್‌ಫೋನ್ ಹಾಕಿಕೊಂಡೆ. ಜೋರು ದನಿ ಕಿವಿಗೆ ಬೇಡವೆಂಬ ಡಾಕ್ಟರರ ಎಚ್ಚರಿಕೆಯಂತೆ ಬಿರಡೆಯನ್ನು ಮೆಲ್ಲಗೆ ಏರಿಸಿದೆ. ಮೈಕನ್ನು ಅಕ್ಕುವಿನ ಮುಂದೆ ಹಿಡಿದೆ. ಅವಳು ಅದನ್ನು ಮೂಸಿ ನೋಡಿದಳು. ತಾಯಿಯ ಕಡೆ ನೋಡಿದಳು. ಆಮೇಲೆ ತಡೆಯಿಲ್ಲದೆ ಶುರುವಾಯಿತು.

"ಅಪ್ಪಾ, ಇದು ನಂದ? ಅಪ್ಪಾ, ಶಿವ್ವಜ್ಜಿ ಉಂಡಿ ತಿಂದಾಳ, ಎಲಡು. ಹಲ್ಲಿಲ್ಲ. ನನ್ನ ಲಂಗಾ ಹಸಲು. ನೋಡು, ಹಸಲು. ಇಲ್ಲೆ ಹಲದೈತಿ. ಅವ್ವ ಹೊಲೀಲಿಲ್ಲ."

ಮುಕ್ತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹಸಿರು ಲಂಗದ ಹರಿದ ಅಂಚನ್ನು ನೋಡಿ ಹೌದು, ಹರಿದಿದೆ ಎಂದೆ. ನನ್ನ ಮಗಳಿಗೆ 'ರ' ಬರುವುದಿಲ್ಲ. ಇಷ್ಟು ದಿನ ಊರಿಗೆಲ್ಲ ಗೊತ್ತಿದ್ದದ್ದು ನನಗೆ ಇವತ್ತು ಗೊತ್ತಾಯಿತು. ದನಿ ತೆಳ್ಳಗಿದೆ, ಸ್ವಲ್ಪ ಜಗಳಗಂಟಿ ದನಿ. ಬ್ಯಾಟರಿ ಇಳಿಯುವವರೆಗೂ ಮಾತಾಡಿದಳು. ಉಂಡಿಯದು, ಲಂಗದ್ದು, ಮಾಸ್ತರರ ಮನೆಯ ಬಾವಿಯದು. ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ.

೧೪ ಡಿಸೆಂಬರ್, ಗಡಹಿಂಗ್ಲಜ

ಮಗ್ಗ ಬಿಟ್ಟೆ. ಕಾರ್ಖಾನೆಯಿಂದ ಹೊರಗೆ ಬರುವಾಗ ರಾಯಪ್ಪ ಕೈ ಹಿಡಿದುಕೊಂಡು ಬಹಳ ಹೇಳಿದ. ಒಬ್ಬರದೊಬ್ಬರಿಗೆ ಕೇಳಿಸದೆ ಇಬ್ಬರೂ ತಲೆ ಆಡಿಸಿದೆವು. ಆ ಕೋಣೆಗೆ ಬೀಗ ಹಾಕಿದಾಗ ಇಷ್ಟು ವರ್ಷ ಅಲ್ಲಿ ಹೇಗಿದ್ದೆ ಎನ್ನಿಸಿತು.

ಇಲ್ಲಿ ಹಾಲಸಿದ್ದ ಎಂಬ ಸಿಂಪಿಗ ಇದ್ದಾನೆ, ಅವನ ಅಂಗಡಿಯಲ್ಲಿ ಹೊಲಿಗೆ ಮಷೀನು ರಿಪೇರಿಗೆ ಕೂತಿದ್ದೇನೆ. ಬೆರಳು ಇಟ್ಟರೆ ಸಾಕು, ಎಲ್ಲಿ ಬಿಗಿ ಎಲ್ಲಿ ಸಡಿಲು ಗೊತ್ತಾಗುತ್ತದೆ. ಸಂಜೆ ಬಂದು ಊದುತ್ತೇನೆ. ಅತ್ತೆ ಕೋಲು ಹಿಡಿದು ಪಡಸಾಲೆಯವರೆಗೆ ಬಂದು ಕೂರುತ್ತಾಳೆ.

೧೦ ಜನವರಿ ೧೯೬೫

ದಿನವೂ ಬ್ಯಾಟರಿ ಎಲ್ಲಿಂದ ತರುವುದು? ಅಕ್ಕು ತಾನೇ ದಾರಿ ಕಂಡುಕೊಂಡಿದ್ದಾಳೆ. ಮಾತಾಡುವ ಮೊದಲು ನನ್ನ ಗಲ್ಲ ಹಿಡಿದು, ಮುಖ ತನ್ನ ಕಡೆ ತಿರುಗಿಸಿಕೊಂಡು, ಬಾಯಿ ದೊಡ್ಡದಾಗಿ ತೆರೆದು ಹೇಳುತ್ತಾಳೆ. ಬಹಳಷ್ಟು ತಿಳಿಯುತ್ತದೆ.

ಈಗ ಎಲ್ಲರ ಗಲ್ಲವನ್ನೂ ಹಿಡಿಯುತ್ತಾಳೆ. ಅಜ್ಜಿಯದು, ಮಾಸ್ತರರದು, ಅಂಚೆಯವನದು. ಮಾತಾಡುವುದೆಂದರೆ ಹೀಗೆಯೇ ಎಂದು ತಿಳಿದಿದ್ದಾಳೆ. ಮುಕ್ತಾ ಬೈದಳು, ನಾನು ಬೇಡವೆಂದೆ.

ಇವತ್ತು ಹಿತ್ತಲಿಗೆ ಯಾರದೋ ಆಡು ಬಂದಿತ್ತು. ಅದರ ಗಡ್ಡ ಹಿಡಿದು, ಮುಖ ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಏನೋ ಹೇಳುತ್ತಿದ್ದಳು. ಆಡು ಅಗಿಯುವುದನ್ನು ಬಿಟ್ಟು ಕೇಳುತ್ತ ನಿಂತಿತ್ತು.